ಆಯಸ್ಸಿಗೆ ಜನ ಬೇಕು

ಆಕಾಶವಾಣಿ ಮೈಸೂರು ಕೇಂದ್ರದ ಕೇಳುಗರಿಗೆಲ್ಲ ನಮಸ್ಕಾರ.

ವಯಸ್ಸಾದವರು ನನ್ನ ಹತ್ತಿರ ಬಂದರೆ ಮೊದಲು ಕೇಳೋದು, 'ಡಾಕ್ಟ್ರೇ, ಶಕ್ತಿಗೆ ಏನಾದ್ರೂ ಟಾನಿಕ್ ಬರ್ಕೊಡಿ' ಅಂತ. ನಾನು ತಿರುಗಿಸಿ ಕೇಳ್ತೀನಿ: ನಿನ್ನೆ ಯಾರ ಜೊತೆ ಕೂತು ನಕ್ಕಿರಿ? ಎಷ್ಟೋ ಜನಕ್ಕೆ ನೆನಪಾಗೋದೇ ಇಲ್ಲ. ಇವತ್ತು ನಾನು ಹೇಳೋಕೆ ಬಂದಿರೋದು ಒಂದೇ ಮಾತು. ಆಯಸ್ಸಿಗೆ ಜನ ಬೇಕು. ಊಟ, ನಿದ್ದೆ, ಮಾತ್ರೆ ಎಷ್ಟು ಮುಖ್ಯವೋ ಜನರೂ ಅಷ್ಟೇ ಮುಖ್ಯ.

ಇದು ಬರೀ ಬುದ್ಧಿಮಾತಲ್ಲ. 2010ರಲ್ಲಿ ಅಮೆರಿಕದ ಸಂಶೋಧಕರು 148 ಅಧ್ಯಯನಗಳನ್ನು ಒಟ್ಟುಗೂಡಿಸಿ, ಮೂರು ಲಕ್ಷಕ್ಕೂ ಹೆಚ್ಚು ಜನರ ಲೆಕ್ಕ ತೆಗೆದರು. ನಂಟು ಗಟ್ಟಿಯಾಗಿದ್ದವರು ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚಿತ್ತು. ಒಂಟಿತನ ಕಾಡ್ತಾ ಇದ್ದರೆ ಮೈ ಅದನ್ನ ಅಪಾಯ ಅಂತಲೇ ತಿಳ್ಕೊಳ್ಳುತ್ತೆ. ಕಾರ್ಟಿಸಾಲ್ ಅನ್ನೋ ಒತ್ತಡದ ಹಾರ್ಮೋನು ಏರುತ್ತೆ, ಬಿ.ಪಿ. ಏರುತ್ತೆ, ನಿದ್ದೆ ಕೆಡುತ್ತೆ.

ಮದ್ದೂರು ಕಡೆಯ ಒಬ್ಬ ಅಜ್ಜಿಯ ವಿಷಯ ಹೇಳಲೇಬೇಕು. ಯಜಮಾನರು ತೀರಿಕೊಂಡ ಮೇಲೆ ಮಗ ಮೈಸೂರಿಗೆ ಕರ್ಕೊಂಡು ಬಂದರು. ಬೇರೆ ರೂಮು, ಟಿ.ವಿ., ಹೊತ್ತುಹೊತ್ತಿಗೆ ಊಟ, ಯಾವುದಕ್ಕೂ ಕಡಿಮೆ ಇಲ್ಲ. ಅಜ್ಜಿ ಮಾತ್ರ ಎರಡು ತುತ್ತಿಗೇ ಕೈ ತೊಳೆದುಬಿಡೋರು. ಬಿ.ಪಿ. ಮಾತ್ರೆ ಒಂದಿದ್ದದ್ದು ಎರಡಾಯ್ತು. ಪರೀಕ್ಷೆ ಮಾಡಿಸಿದರೆ ಹೊಸದೇನೂ ಸಿಗಲಿಲ್ಲ. 'ಹಗಲೆಲ್ಲಾ ಏನ್ ಮಾಡ್ತೀರಮ್ಮ?' ಅಂದೆ. 'ಏನ್ ಮಾಡಾನ ಡಾಕ್ಟ್ರೇ, ಗ್ವಾಡೆ ನೋಡ್ಕಂಡು ಕುಂತಿರ್ತೀನಿ' ಅಂದರು.

ಅವರೆಕಾಯಿ ಕಾಲ ಅದು. ಚೀಟಿಯಲ್ಲಿ ಮಾತ್ರೆಗಳ ಕೆಳಗೇ ಬರೆದೆ: 'ದಿನಾ ಸಂಜೆ ಜಗಲಿ ಮೇಲೆ ಕೂತು ಅವರೆಕಾಯಿ ಬಿಡಿಸುವುದು. ಒಬ್ಬರೇ ಕೂರಬಾರದು.' ಮಗ ನಕ್ಕರು. ಸೊಸೆ ನಗಲಿಲ್ಲ. ಮಾರನೇ ದಿನವೇ ಎರಡು ಕೆ.ಜಿ. ಕಾಯಿ ತಂದು ಮೊರಕ್ಕೆ ಸುರಿದು, ಗೇಟು ತೆಗೆದಿಟ್ಟರು. 'ಸೊಗಡು ಚೆನ್ನಾಗಿದ್ಯಾ ಅಜ್ಜಿ?' ಅಂತ ಎದುರು ಮನೆಯವರು ಬಂದರು, ಬಂದವರು ಕೂತೇಬಿಟ್ಟರು. ಪಕ್ಕದ ಮನೆಯ ಪುಟ್ಟ ಹುಡುಗಿಗೆ ಅಜ್ಜಿ ಹಿತಕಿದ ಬೇಳೆ ಮಾಡೋದು ಕಲಿಸಿದರು. ನೆನೆದ ಕಾಳನ್ನ ಎರಡು ಬೆರಳಲ್ಲಿ ಒತ್ತಿದರೆ ಸಿಪ್ಪೆ ಕೈಯಲ್ಲಿ ಉಳಿದು ಬೇಳೆ ಚಿಮ್ಮುತ್ತಲ್ಲ, ಅದು ಹೋಗಿ ಅಜ್ಜಿ ಕನ್ನಡಕಕ್ಕೇ ಬಡೀತಂತೆ. ಇದನ್ನ ನನಗೆ ಹೇಳುವಾಗಲೂ ಅಜ್ಜಿಗೆ ನಗು ತಡೆಯೋಕಾಗಲಿಲ್ಲ. ತೂಕ ಏರಿತ್ತು, ಬಿ.ಪಿ. ಹಿಡಿತಕ್ಕೆ ಬಂದಿತ್ತು. ಮಾತ್ರೆ ಬದಲಾಯಿಸಿರಲಿಲ್ಲ ಸ್ವಾಮಿ, ಜನ ಸೇರಿದ್ದರು, ಅಷ್ಟೇ!

ಸಮಯ ಮುಗೀತಾ ಬಂತು, ಉಳಿದದ್ದನ್ನ ಬೇಗ ಹೇಳ್ತೀನಿ. ಕುಕ್ಕರಹಳ್ಳಿ ಕೆರೆ ಏರಿ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸ್ಕೊಂಡು ನಡೆಯೋರು ದಯವಿಟ್ಟು ಅದನ್ನ ತೆಗೀರಿ, ಪಕ್ಕದಲ್ಲಿ ಬರೋರನ್ನ ಮಾತಾಡಿಸಿ. ಹಳ್ಳಿಯಲ್ಲಿರೋರು ಭಜನೆ, ಕೋಲಾಟ ಬಿಡಬೇಡಿ. ನಿವೃತ್ತರಾದ ಗಂಡಸರಿಗೆ ಇದನ್ನ ಎರಡು ಸಲ ಹೇಳಬೇಕು: ಪೇಪರ್ ಓದಿದ್ದು ಸಾಕು, ಹೊರಗೆ ಬನ್ನಿ, ಜನ ಬೇಕು.

ಇನ್ನೊಂದು ವಿಷಯ, ಇದನ್ನ ಬಿಡೋ ಹಾಗಿಲ್ಲ. ಮನೆಯಲ್ಲಿ ಹಿರಿಯರು ಮಾತು ಕಡಿಮೆ ಮಾಡಿದ್ದರೆ 'ವಯಸ್ಸಾಯ್ತು' ಅಂತ ಸುಮ್ಮನಾಗಬೇಡಿ. ಎಷ್ಟೋ ಸಲ ಅವರಿಗೆ ಕಿವಿ ಕೇಳಿಸ್ತಿರಲ್ಲ. ಕೇಳಿಸದವರು ಹತ್ತು ಜನರ ಮಧ್ಯೆ ಕೂತರೂ ಒಂಟಿಯೇ. ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ನಮ್ಮ ಮಾನಸಗಂಗೋತ್ರಿಯಲ್ಲೇ ಇದೆ. ಈ ವಾರವೇ ಕರ್ಕೊಂಡು ಹೋಗಿ ಪರೀಕ್ಷೆ ಮಾಡಿಸಿ. ನಮಸ್ಕಾರ.