ಹೂಳು ಕಟ್ಟಿದ ಏರಿ

ಕೇಳುಗರೆಲ್ಲರಿಗೂ ನಮಸ್ಕಾರ.

ನಮ್ಮ ಮಂಡ್ಯದ ಕಡೆ ಬೇಸಿಗೆಯಲ್ಲಿ ಕೆರೆ ಒಣಗಿದಾಗ ಹೂಳು ಅಗೆದು ಟ್ರ್ಯಾಕ್ಟರಿನಲ್ಲಿ ಹೊಲಕ್ಕೆ ಹೊಡೆಯುತ್ತೇವೆ. ನೀರು ತುಂಬಿರುವಾಗಲೇ ತೆಗೆಯಬೇಕಾದರೆ ದಾರಿ ಬೇರೆ. ಡ್ರೆಜರ್ ಯಂತ್ರ ಹೂಳನ್ನು ನೀರಿನ ಸಮೇತ ಹೀರಿ ಪೈಪಿನಲ್ಲಿ ದಡಕ್ಕೆ ತಳ್ಳುತ್ತದೆ. ಬಂದು ಬೀಳುವುದು ಅಂಬಲಿಯಂಥ ಕೆಸರು. ಅದನ್ನು ನಿಲ್ಲಿಸಲು ಸುತ್ತ ಮಣ್ಣಿನ ಏರಿ ಹಾಕುತ್ತಾರೆ. ಇವತ್ತಿನ ಮಾತು ಆ ಏರಿಯದು.

ಹೂಳು ತಾನೇ, ಎಲ್ಲಿಗೆ ಹೋಗುತ್ತದೆ ಅನ್ನಿಸಬಹುದು. ಆದರೆ ಈ ಕೆಸರು ನೀರಿಗಿಂತ ಭಾರ. ಮೇಲೆ ಒಣಗಿ ಬಿರುಕು ಬಿಟ್ಟರೂ ಒಳಗೆ ವರ್ಷಗಟ್ಟಲೆ ಹಸಿಯಾಗಿಯೇ ಇರುತ್ತದೆ. ಏರಿ ಒಡೆದರೆ ಮತ್ತೆ ಹರಿಯುತ್ತದೆ. 2019ರ ಜನವರಿ 25ರಂದು ಬ್ರೆಜಿಲ್‌ನ ಬ್ರುಮಾಡಿನ್ಯೊದಲ್ಲಿ ಕಬ್ಬಿಣದ ಗಣಿಯ ಕೆಸರು ಕಟ್ಟಿದ್ದ ಅಣೆಕಟ್ಟು ಕುಸಿದು 270 ಜನ ಸತ್ತರು. ಕೆಲಸಗಾರರ ಕ್ಯಾಂಟೀನು ಅದರ ಕೆಳಗೇ ಇತ್ತು. ಊಟದ ಹೊತ್ತು ಬೇರೆ. ನೆನೆದಾಗಲೆಲ್ಲ ಹೊಟ್ಟೆ ತೊಳೆಸಿದಂತಾಗುತ್ತದೆ.

ಏರಿ ಗಟ್ಟಿಯಾಗಿ ನಿಲ್ಲಬೇಕಾದರೆ ಪೈಪಿನ ಕೆಸರು ಏರಿಯ ಕಡೆಯಿಂದಲೇ ಬೀಳಲಿ. ಆಗ ದಪ್ಪ ಮರಳು ಏರಿಗೆ ಒತ್ತಿಕೊಂಡು ನಿಲ್ಲುತ್ತದೆ, ತೆಳು ಕೆಸರೂ ನೀರೂ ದೂರ ಸರಿಯುತ್ತವೆ. ಮೇಲೆ ನಿಂತ ನೀರಿಗೆ ಕೋಡಿ ಬೇಕು. ಏರಿಯ ಮೇಲೆ ಗಿಡ ಬೆಳೆಯಲು ಬಿಡಬೇಡಿ. ಬೇರು ಕೊಳೆತ ಜಾಗ ನೀರಿಗೆ ದಾರಿಯಾಗುತ್ತದೆ. ಇಲಿ, ಏಡಿಗಳ ಬಿಲವೂ ಅಷ್ಟೇ.

ಹಿಂದೆ ನಮ್ಮ ಕೆರೆಗಳಿಗೆ ನೀರಗಂಟಿ ಇರುತ್ತಿದ್ದ. ಏರಿ ನಡೆದು ನೋಡುವ ಕಣ್ಣು ಅವನದು. ಹೂಳಿನ ಏರಿಗೂ ಅಂಥ ಒಬ್ಬರು ಬೇಕೇ ಬೇಕು. ಮಣ್ಣಿನ ಏರಿ ಅಂದಮೇಲೆ ಸ್ವಲ್ಪ ಜಿನುಗುತ್ತದೆ, ಅಲ್ವಾ? ಆ ನೀರನ್ನು ಗಾಜಿನ ಲೋಟದಲ್ಲಿ ಹಿಡಿದು ನೋಡಿ. ತಿಳಿಯಾಗಿದ್ದರೆ ಬರೆದಿಟ್ಟುಕೊಳ್ಳಿ, ನಾಳೆ ಜಾಸ್ತಿ ಆಯಿತೇ ನೋಡಿ. ಕಲಕಿದ್ದರೆ ಏರಿಯ ಹೊಟ್ಟೆಯ ಮಣ್ಣು ಕೊಚ್ಚಿಹೋಗುತ್ತಿದೆ ಎಂದೇ ಲೆಕ್ಕ. 1976ರ ಜೂನ್ 5ರಂದು ಅಮೆರಿಕದ ಟೀಟನ್ ಅಣೆಕಟ್ಟಿನಲ್ಲಿ ಬೆಳಿಗ್ಗೆ ಕಲಕು ನೀರು ಕಂಡಿತು. ಮಧ್ಯಾಹ್ನ ಆಗುವಷ್ಟರಲ್ಲಿ ಸುಮಾರು 300 ಅಡಿ ಎತ್ತರದ ಆ ಮಣ್ಣಿನ ಕಟ್ಟೆ ಒಡೆದುಹೋಯಿತು.

ಕಲಕು ನೀರು ಕಂಡ ತಕ್ಷಣ ಎಂಜಿನಿಯರಿಗೆ ಫೋನ್ ಮಾಡಿ, ಕೆಳಗಿನ ಜನರನ್ನು ಎಬ್ಬಿಸಿ. ಜೇಡಿಮಣ್ಣು ಮೆತ್ತಿ ಜಿನುಗುವ ಬಾಯಿ ಮುಚ್ಚಲು ಹೋಗಬೇಡಿ, ನೀರು ಇನ್ನೊಂದು ಕಡೆ ಕೊರೆಯುತ್ತದೆ. ಆ ಜಾಗಕ್ಕೆ ಮೊದಲು ಮರಳು, ಅದರ ಮೇಲೆ ಜಲ್ಲಿ, ಆಮೇಲೆ ದಪ್ಪ ಕಲ್ಲು ಹಾಕಬೇಕು. ನೀರು ಬರಲಿ, ಮಣ್ಣು ಒಳಗೇ ಉಳಿಯಲಿ.

ಇನ್ನೊಂದು ಮಾತು. ಕಬ್ಬು ಕಡಿಯಲು ಬೇರೆ ಊರಿಂದ ಬಂದವರು ಖಾಲಿ ಜಾಗ ಕಂಡಲ್ಲಿ ಗುಡಿಸಲು ಹಾಕುತ್ತಾರೆ. ಏರಿಯ ಹಿಂದೆ ಏನಿದೆ ಅನ್ನುವುದು ಅವರಿಗೆ ಗೊತ್ತಿರುವುದಿಲ್ಲ. ಹೂಳಿನ ಏರಿಯ ಕೆಳಗೆ ಒಂದು ಗುಡಿಸಲು ಕಂಡರೂ ಅವತ್ತೇ ಹೋಗಿ ಹೇಳಿ, ಅವರಿಗೆ ಬೇರೆ ಜಾಗ ತೋರಿಸಿಕೊಡಿ.

ನಮಸ್ಕಾರ.