ಪಂಡಿತ್‌ಜೀ ಕೊಟ್ಟ ಹೋಮ್‌ವರ್ಕು

ಕೇಳುಗರಿಗೆಲ್ಲ ನಮಸ್ಕಾರ್ರಿ. ಧಾರವಾಡ ಆಕಾಶವಾಣಿಯವ್ರು ನನ್ನಂಥ ರಿಟೈರ್ಡ್ ಸುಬೇದಾರನ್ನ ಕರದು, ನಿಮ್ಮ ಸರ್ವಿಸು, ನಿಮ್ಮ ಕ್ರೈಸ್ತ ನಂಬಿಕಿ, ಎರಡರ ಬಗ್ಗೆನೂ ಮಾತಾಡ್ರಿ ಅಂದಾರ. ನಾ ಹೇಳೂದು ಒಂದ ವಿಷಯ. ಹುಬ್ಬಳ್ಳಿ, ಗದಗ-ಬೆಟಗೇರಿ ಕಡೆ ಚರ್ಚಿಗೆ ಹೋಗೂ ಮನ್ಯಾಗ ಮಗ ಫೌಜಿಗೆ ಭರ್ತಿ ಆಗಾಕಂತ ನಸಿಕಿನ್ಯಾಗ ಎದ್ದು ಗ್ರೌಂಡಿಗೆ ಓಡಾಕ ಹೊಂಟಾನಂದ್ರ ಅವರವ್ವಗ ಎರಡು ಅಂಜಿಕಿ. ಒಂದು ಜೀವದ್ದು. ಇನ್ನೊಂದು, ಅಲ್ಲಿ ಹೋಗಿ ದೇವ್ರನ್ನ ಮರೀತಾನೇನೋ ಅಂತ. ಮೊದಲನೇದಕ್ಕ ನನ್ನ ಹತ್ರ ಔಷಧ ಇಲ್ಲವ್ವ. ಎರಡನೇದಕ್ಕ ಐತಿ. ಫೌಜು ಯಾರ ನಂಬಿಕಿನೂ ಕಸಗೊಳ್ಳೂದಿಲ್ಲ.

ನಾ ಹುಟ್ಟಿದ್ದು ಬೆಟಗೇರಿ ಜರ್ಮನ್ ದವಾಖಾನ್ಯಾಗ. ಬಾಸೆಲ್ ಮಿಶನ್ನವ್ರು ಧಾರವಾಡಕ್ಕ ಬಂದದ್ದು 1837ರಾಗ, ನಮ್ಮದು ಆ ಮಿಶನ್ನಿನ ಹಳೇ ಮನಿತನ, ಹಿಂಗಾಗಿ ಹಾಡೆಲ್ಲ ಬಾಯಿಪಾಠ, ರವಿವಾರ ಇಸ್ತ್ರಿ ಅಂಗಿ, ಅಷ್ಟ. ಬೆಂಗಳೂರಾಗ ಮದ್ರಾಸ್ ಸ್ಯಾಪರ್ಸಿಗೆ ಭರ್ತಿ ಆದಾಗ ಧರ್ಮದ ಕಾಲಂನಾಗ ಕ್ರಿಶ್ಚಿಯನ್ ಅಂತ ಬರಸಿದ್ನಿ, ಅದರಾಚೆ ಏನೂ ಇರ್ಲಿಲ್ಲ. ಸೇತುವೆ ಕಟ್ಟೂದು, ರಸ್ತೆ ಮಾಡೂದು, ಮೈನ್ ತಗಿಯೂದು ನಮ್ಮ ಕೆಲಸ, ಅದನ್ನ ಕಲತ್ನಿ.

ಫೌಜಿನಾಗ ಧರ್ಮಗುರುಗಳೂ ವರ್ದಿಯವ್ರ ಇರ್ತಾರ್ರಿ. ಪಂಡಿತ್, ಗ್ರಂಥಿ, ಮೌಲ್ವಿ, ಪಾದ್ರಿ, ಎಲ್ಲಾರೂ ಜೆಸಿಓ, ಅಂದ್ರ ಸಿಪಾಯಿಗೂ ಆಫೀಸರಿಗೂ ನಡುವಿನ ದರ್ಜೆ, ಪುಣೆದಾಗ ಟ್ರೇನಿಂಗು. ಲಡಾಖಿನಾಗ ನಮ್ಮ ಜೋಡಿ ಪಾದ್ರಿ ಇರ್ಲಿಲ್ಲ, ಗಢವಾಲದ ಪಂಡಿತ್‌ಜೀ ಒಬ್ರಿದ್ರು. ಕ್ರಿಸ್ಮಸ್ ಬಂತು. ಕೇರಳದವ್ರು, ತಮಿಳರು, ನಾನು, ಒಂದು ಬಂಕರ್ ಹಿಡಿಸುವಷ್ಟು ಮಂದಿ. ಪಂಡಿತ್‌ಜೀನ ದೀಪ ಹಚ್ಚಿ, ಹಾಡ್ರಿ ಅಂದ್ರು. ಹಾಡಿದ್ವಿ. ಆಮ್ಯಾಲೆ ನನ್ನ ಕಡೆ ತಿರುಗಿ, "ಅರೆ ಭಾಯಿ, ನಿಮ್ಮ ಪುಸ್ತಕದಾಗ ಸಿಪಾಯಿಗೆ ಏನ್ ಹೇಳೈತಿ?" ಅಂದ್ರು. ಸಿಪಾಯಿಗ? ನನಗೇನ್ ಗೊತ್ತು! "ಗೊತ್ತಿಲ್ಲಾಂದ್ರ ತಿಳ್ಕೊಂಡು ರಿಪೋರ್ಟ್ ಮಾಡು" ಅಂದ್ರು. ಆರ್ಡರ್ ಅಂದ್ರ ಆರ್ಡರ್ರಿ. ಊರಿಗೆ ನಮ್ಮ ಸಭಾಪಾಲಕರಿಗೆ, ಅಂದ್ರ ಚರ್ಚಿನ ಪಾದ್ರಿಗೆ, ಕಾಗದ ಬರದ್ನಿ, ಬರ್ಫಿನ ದಾರಿ, ಉತ್ತರ ಬರೂದಕ್ಕ ಎಷ್ಟ ಹೊತ್ತಾತು ಅಂತೀರಿ, ಬಂದ ಇನ್‌ಲ್ಯಾಂಡ್ ಲೆಟರಿನಾಗ ಇದ್ದದ್ದು ಮೂರ ಸಾಲು. ಮತ್ತಾಯ 8. ಲೂಕ 3. ಅಪೊಸ್ತಲರ ಕೃತ್ಯಗಳು 10. ಬೈಬಲಿನ ಪುಸ್ತಕದ ಹೆಸರು, ಅಧ್ಯಾಯದ ನಂಬರು, ಅಷ್ಟ. ಕ್ಷೇಮ ಸಮಾಚಾರನೂ ಇಲ್ಲ!

ಕನ್ನಡದಾಗ ಓದೂದು, ನನ್ನ ಹರಕು ಮುರುಕು ಹಿಂದಿಯೊಳಗ ಪಂಡಿತ್‌ಜೀಗೆ ಹೇಳೂದು. ಲೂಕದಾಗ ಸಿಪಾಯಿಗಳು ಯೇಸುವಿನ ಕಾಲದ ಪ್ರವಾದಿ ಸ್ನಾನಿಕ ಯೋಹಾನನ ಹತ್ರ ಬಂದು, ನಾವೇನ್ ಮಾಡ್ಬೇಕ್ರಿ ಅಂತಾರ. ನೌಕರಿ ಬಿಡ್ರಿ ಅನ್ಲಿಲ್ಲ ಅವ. ಯಾರನ್ನೂ ಹೆದರಿಸಿ ರೊಕ್ಕ ತಗೋಬ್ಯಾಡ್ರಿ, ನಿಮ್ಮ ಪಗಾರದಾಗ ತೃಪ್ತಿ ಇರ್ಲಿ ಅಂದ. ಪಂಡಿತ್‌ಜೀ ನಕ್ಕು, "ಇದನ್ನ ಸ್ಟೋರಿನ ಬಾಗಲಕ್ಕ ಹಚ್ಚಬೇಕು ನೋಡು" ಅಂದ್ರು. ಮತ್ತಾಯದಾಗ ರೋಮಿನ ಶತಾಧಿಪತಿ, ನಮ್ಮ ಲೆಕ್ಕದಾಗ ಕಂಪನಿ ಕಮಾಂಡರ್ ಅನ್ರಿ, ಅವನ ಆಳು ಹಾಸಿಗಿ ಹಿಡದಾನ. ಯೇಸು ನಾನ ಬರ್ತೀನಿ ಅಂದ್ರ ಇವ, ಬ್ಯಾಡ ಸ್ವಾಮಿ, ಒಂದ ಮಾತು ಹೇಳ್ರಿ ಸಾಕು, ನಾನೂ ಇನ್ನೊಬ್ಬರ ಕೈಕೆಳಗ ಇರಾಂವ, ನಾ ಹೋಗು ಅಂದ್ರ ನನ್ನ ಸಿಪಾಯಿ ಹೋಗ್ತಾನ, ಅಂತಾನ. ಇಂಥಾ ನಂಬಿಕಿ ಇಸ್ರಾಯೇಲಿನಾಗೂ ಕಾಣ್ಲಿಲ್ಲ ಅಂತ ಯೇಸುನ ಬೆರಗಾದ್ರು. ಒಬ್ಬ ಫೌಜಿ ಬಗ್ಗೆ, ಅದೂ ಹೊರಗಿನಾವ! ಆ ಪುಟ ನನ್ನನ್ನ ಬಿಡ್ಲಿಲ್ರಿ. ಮನ್ಯಾಗ ಆಗದ್ದು ಬಂಕರಿನಾಗ ಆತು, ಅದಕ್ಕ ಪಂಡಿತ್‌ಜೀ ಕಾರಣ. ಅದಕ್ಕ ಹೇಳೂದು, ಫೌಜು ಕಸಗೊಳ್ಳೂದಿಲ್ಲ.

ಮಂದಿರ ಪರೇಡಿಗೆ, ಅಂದ್ರ ಪಲ್ಟನ್ನಿನವ್ರೆಲ್ಲ ಕೂಡಿ ಮಂದಿರಕ್ಕ ಹೋಗೂದಕ್ಕ, ನಿಲ್ಲಬೇಕೇನ್ರಿ ಅಂತ ಕೇಳಿದ್ದ ಕೇಳ್ತಾರ. ನಾ ನಿಂತೀನಿ, ಕ್ರಿಸ್ಮಸ್ಸಿಗೆ ಅವ್ರು ನಿಂತಾರ. ಮುಗೀತು.

2016ರಾಗ ನಮ್ಮ ಕುಂದಗೋಳ ತಾಲೂಕಿನ ಬೆಟದೂರಿನ ಫೌಜಿ ಹನುಮಂತಪ್ಪ ಕೊಪ್ಪದ ಅವ್ರು ಸಿಯಾಚಿನ್ ಬರ್ಫಿನಡಿಗೆ ಆರು ದಿನ ಇದ್ದು ಜೀವಂತ ಸಿಕ್ಕು ದಿಲ್ಲಿ ದವಾಖಾನ್ಯಾಗ ಇದ್ರಲ್ಲ, ಆ ಬುಧವಾರ ನಮ್ಮ ಪ್ರಾರ್ಥನಾ ಕೂಟದಾಗ ಬ್ಯಾರೆ ವಿಷಯನ ಇರ್ಲಿಲ್ಲ. ಮರುದಿನ ಹೋಗಿಬಿಟ್ರು. ಅವರ ಬಗ್ಗೆ ಇನ್ನೂ ಹೇಳಬೇಕಿತ್ತು, ಪೆನ್ಶನ್ನು, ರಿಟೈರ್ ಆದಮ್ಯಾಲಿನ ನೌಕರಿ ಬಗ್ಗೆನೂ ಬರಕೊಂಡು ಬಂದಿದ್ನಿ, ಆದ್ರ ಗಾಜಿನ ಆಚೆ ಕಡೆ ಮೇಡಂ ಕೈ ಎತ್ಯಾರ.

ಅವ್ವಾರ, ಮಗನ ಟ್ರಂಕಿನಾಗ ಚಕ್ಕಲಿ ಡಬ್ಬಿ ಜೋಡಿ ಬೈಬಲ್ ಇಡ್ರಿ. ಕನ್ನಡದ್ದೊಂದು, ಹಿಂದಿದೊಂದು. ಪಂಡಿತ್‌ಜೀ ಕೇಳಿದ್ರ ಓದಿ ಹೇಳಾಕ ಬೇಕಾಗ್ತೈತಿ. ನಮಸ್ಕಾರ್ರಿ.