ಅಯ್ಯೋ, ಇದು ನಾನಾ?

ಪಾಸ್‌ಪೋರ್ಟ್ ಸೈಜ್ ಫೋಟೋ ಕವರ್‌ನಿಂದ ಹೊರಗೆ ಬರ್ತಿದ್ದ ಹಾಗೇ ನಮ್ಮಮ್ಮನ ಮಾತು ಶುರು: "ಅಯ್ಯೋ, ಇದು ನಾನೇನೋ? ಬಾಯಿ ನೋಡು, ಹೇಗೆ ಸೊಟ್ಟ ಬಂದಿದೆ!" ನನಗೆ ಆ ಬಾಯಿ ದಿನಾ ಇರೋ ಹಾಗೇ ಕಾಣತ್ತೆ. ಬೈಗುಳ ಮಾತ್ರ ಸ್ಟುಡಿಯೋದವನಿಗೆ.

ಇವತ್ತು ನಾನು ಸ್ಟುಡಿಯೋದವನ ಪರ.

ಅಮ್ಮನ ಎಡಮೂಗಿನ ಬೊಟ್ಟು ಕನ್ನಡಿಯಲ್ಲಿ ಎಡಗಡೆಗೇ ಕಾಣತ್ತೆ, ಫೋಟೋದಲ್ಲಿ ಬಲಗಡೆಗೆ ಹೋಗಿರತ್ತೆ. ಯಾರ ಮುಖಾನೂ ಎರಡೂ ಕಡೆ ಒಂದೇ ಅಚ್ಚಲ್ಲ. ಒಂದು ಹುಬ್ಬು ಚೂರು ಮೇಲೆ, ತುಟಿ ಚೂರು ಓರೆ. ವರ್ಷಗಟ್ಟಲೆ ಕನ್ನಡಿಯಲ್ಲಿ ಕಂಡ ಓರೆ ಮಿದುಳಿಗೆ ನೆಟ್ಟಗೆ; ಅದೇ ಇನ್ನೊಂದು ಕಡೆಗೆ ವಾಲಿದ್ರೆ ಸೊಟ್ಟ! 1977ರಲ್ಲಿ ಅಮೆರಿಕದಲ್ಲಿ ಇದನ್ನ ಪರೀಕ್ಷೆ ಮಾಡಿದ್ರು. ಒಂದೇ ಫೋಟೋ, ಎರಡು ಪ್ರಿಂಟ್: ಒಂದು ಇದ್ದ ಹಾಗೆ, ಒಂದು ಕನ್ನಡಿ ಥರ ತಿರುಗಿಸಿದ್ದು. ಫೋಟೋದಲ್ಲಿದ್ದವರು ಹೆಚ್ಚಾಗಿ ತಿರುಗಿಸಿದ್ದನ್ನ ಮೆಚ್ಚಿದ್ರು, ಅವರ ಸ್ನೇಹಿತರು ಇದ್ದ ಹಾಗಿದ್ದನ್ನ.

ಅಂಗೈ ಹುಣ್ಣಿಗೆ ಕನ್ನಡಿ ಬೇಡ, ಸರಿ. ಮುಖಕ್ಕೆ ಬೇಕೇ ಬೇಕಲ್ಲ! ನಾನು ಹುಬ್ಬೇರಿಸಿದೆ, ಎದುರಿಗಿರೋದೂ ಏರಿಸ್ತು, ಅಂದ್ರೆ ಅದು ನಾನೇ. ಮಿದುಳು ಈ ಲೆಕ್ಕ ಕಲಿಯೋಕೂ ಟೈಮ್ ಬೇಕು. ಗೊತ್ತಾಗದ ಹಾಗೆ ಮೂಗಿಗೆ ಬಣ್ಣ ಹಚ್ಚಿ ಕನ್ನಡಿ ಮುಂದೆ ಕೂರಿಸಿದ್ರೆ, ಸಾಮಾನ್ಯವಾಗಿ ಒಂದೂವರೆಯಿಂದ ಎರಡು ವರ್ಷದ ಹೊತ್ತಿಗೆ ಮಕ್ಕಳು ತಮ್ಮ ಮೂಗನ್ನೇ ಮುಟ್ಕೋತಾರೆ. ಅದಕ್ಕಿಂತ ಚಿಕ್ಕವರಿಗೆ ಕನ್ನಡಿಯಲ್ಲಿರೋದು ಬೇರೆ ಯಾವುದೋ ಪಾಪು.

ದೊಡ್ಡವರೂ ಏಮಾರ್ತಾರೆ. ಅರ್ನ್ಸ್ಟ್ ಮಾಕ್ ಗೊತ್ತಲ್ಲ? ವಿಮಾನದ ವೇಗ ಹೇಳುವಾಗ "ಮಾಕ್ 1" ಅಂತೀವಲ್ಲ, ಆ ಮಾಕ್. ರಾತ್ರಿಯೆಲ್ಲಾ ರೈಲಲ್ಲಿ ಬಂದು, ಸುಸ್ತಾಗಿ ಬಸ್ ಹತ್ತಿದ್ರಂತೆ. ಎದುರು ಕಡೆಯಿಂದ ಇನ್ಯಾರೋ ಹತ್ತಿದ ಹಾಗಾಯ್ತು. ಯಾರಪ್ಪ ಈ ಕೊಳಕು ಮೇಷ್ಟ್ರು ಅಂದ್ಕೊಂಡ್ರು. ನೋಡಿದ್ರೆ, ಎದುರಿಗಿದ್ದದ್ದು ದೊಡ್ಡ ಕನ್ನಡಿ. ಕನ್ನಡಿ ಇದೆ ಅಂತ ಗೊತ್ತಿಲ್ಲದಿದ್ರೆ ಅಂಥಾ ವಿಜ್ಞಾನಿಗೂ ಸ್ವಂತ ಮುಖ ಗುರುತು ಸಿಗಲಿಲ್ಲ. ಹಾಗಾಗಿ ನಾನು ಹೇಳೋದು ಇಷ್ಟೇ: ನಿಮ್ಮ ಮುಖದ ಕೇಸಿನಲ್ಲಿ ನಿಮ್ಮ ಸಾಕ್ಷಿ ನಡೆಯಲ್ಲ.

ಅಮ್ಮನ ಹತ್ರ ವಾದ ಮಾಡಿ ಗೆದ್ದವರುಂಟಾ? ಆ ಫೋಟೋನ ಮೊಬೈಲಲ್ಲಿ ಎಡಕ್ಕಿದ್ದದ್ದು ಬಲಕ್ಕೆ ಬರೋ ಹಾಗೆ ತಿರುಗಿಸಿ ಕೊಟ್ಟೆ. "ಹಾಂ, ಈಗ ಸರಿ ಇದೆ ನೋಡು" ಅಂತ ವಾಟ್ಸಾಪ್ ಡಿಪಿಗೆ ಹಾಕಿಸ್ಕೊಂಡ್ರು.

ಸಂಜೆ ದೊಡ್ಡಮ್ಮನ ಫೋನ್: "ಏನೇ, ಮುಖ ಯಾಕೆ ಒಂಥರಾ ಆಗಿದೆ? ಹುಷಾರಿಲ್ವಾ?"